ಅಟ್ಟದ ಮೇಲಿನ ಮಾತ್ರೆಗಳು

ಸ್ಟೂಲಿನ ಮೇಲೆ ನಿಂತು ಷಣ್ಮುಖಪ್ಪ ಮಾತ್ರೆಗಳನ್ನು ಮತ್ತೊಮ್ಮೆ ಎಣಿಸಿದ. ಇಪ್ಪತ್ತಾರು. ನಿನ್ನೆ ಬೆಳಿಗ್ಗೆಯೂ ಇಪ್ಪತ್ತಾರೇ ಇದ್ದವು. ಆಮೇಲೆ ಅವನೇ ಹದಿನಾರು ಹಾಕಿದ್ದ. ಒಂದೂವರೆ ತಿಂಗಳಿಂದ ದಿನಾ ಹಾಕುತ್ತಿದ್ದರೂ ಅಟ್ಟದ ಮೇಲಿನ ಈ ಹಳೇ ಬಿಸ್ಕತ್ತಿನ ಡಬ್ಬಿ ಯಾಕೆ ತುಂಬಲಿಲ್ಲ ಎಂದು ತನಗೆ ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ ಅಂತ ಅವನಿಗೆ ನಾಚಿಕೆಯಾಯಿತು. ಶಿವಮೊಗ್ಗ ಭದ್ರಾವತಿ ಬಸ್ಸಿನಲ್ಲಿ ಹನ್ನೆರಡು ವರ್ಷದಿಂದ ಕಂಡಕ್ಟರಾಗಿದ್ದವನು ಅವನು. ಮಲವಗೊಪ್ಪದಲ್ಲಿ ಹತ್ತಿ ಕಣ್ಣುಮುಚ್ಚಿ ಕೂತವನ ಹತ್ತಿರ ಟಿಕೆಟ್ ಇಲ್ಲವೆಂದು ಬೆನ್ನು ನೋಡಿಯೇ ಹೇಳಬಲ್ಲವನು. ಅಂಥವನ ಮನೆಯಲ್ಲೇ ಯಾರೋ ಅವನ ಕಣ್ಣಿಗೆ ಮಣ್ಣೆರಚುತ್ತಿದ್ದರು.

ಕೂಗಾಡಿ ಕೇಳುವ ಹಾಗೂ ಇರಲಿಲ್ಲ. ಕೇಳಿದರೆ, ನುಂಗಬೇಕಾದ ಮಾತ್ರೆ ಅಟ್ಟದ ಮೇಲೆ ಯಾಕಿತ್ತು ಎಂದು ಹೇಳಬೇಕಾಗುತ್ತಿತ್ತು.

ಹೋದ ದಸರೆಯ ಹೊತ್ತಿಗೆ ಅವನ ಕೆಮ್ಮಿನಲ್ಲಿ ರಕ್ತ ಬಿದ್ದಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಹೋದರೆ ಅರ್ಧ ಊರು ಗುರುತಿನವರು. ಭದ್ರಾವತಿಗಾದರೆ ದಿನಾ ಹೋಗುವ ಕೆಲಸವೇ, ಅಲ್ಲಿ ತೋರಿಸಿಕೊಂಡ. ಕ್ಷಯ ಎಂದರು. ಎರಡು ತಿಂಗಳು ಸೂಜಿ, ಆಮೇಲೆ ಒಂದೂವರೆ ವರ್ಷ ಮಾತ್ರೆ, ಬೆಳಿಗ್ಗೆ ಎಂಟು ರಾತ್ರಿ ಎಂಟು. ಆರು ತಿಂಗಳಿಗೆ ಕೆಮ್ಮು ನಿಂತಿತು, ಸಡಿಲವಾಗಿದ್ದ ಖಾಕಿ ಅಂಗಿ ಬಿಗಿಯಾಯಿತು. ರೋಗ ಹೋದ ಮೇಲೂ ಮಾತ್ರೆ ಮಾತ್ರ ಹೋಗಲಿಲ್ಲ. ನುಂಗಿ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಒಂದು ದಿನ ಮುದುಕಿಯೊಬ್ಬಳ ಸೊಪ್ಪಿನ ಬುಟ್ಟಿಗೇ ವಾಂತಿ ಮಾಡಿಕೊಂಡ.

"ಏನ್ ಮಾರಾಯ, ಪ್ಯಾಸೆಂಜರ್ ವಾಂತಿ ಮಾಡ್ತಾರೆ, ಸರಿ. ಕಂಡಕ್ಟ್ರೇ ಮಾಡಿದ್ರೆ ಹೆಂಗೆ?" ಎಂದು ಡ್ರೈವರ್ ಪೀರ್ ಬಾಷಾ ನಕ್ಕಿದ್ದ. ನಕ್ಕ ಮೇಲೂ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟ ಷಣ್ಮುಖಪ್ಪನಿಗೆ ಹಿಡಿಸಲಿಲ್ಲ. ಮಾಲೀಕನ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ. ಅವತ್ತಿನಿಂದ ಹೆಂಡತಿ ದಾಕ್ಷಾಯಣಿ ಎಣಿಸಿ ಕೊಟ್ಟ ಮಾತ್ರೆಯನ್ನು ಮುಷ್ಟಿಯಲ್ಲೇ ಉಳಿಸಿಕೊಂಡು ಬರೀ ನೀರು ಕುಡಿಯತೊಡಗಿದ. ಎಸೆಯಲು ಮನಸ್ಸು ಬರಲಿಲ್ಲ. ಮತ್ತೆ ಕೆಮ್ಮು ಬಂದರೆ ಇರಲಿ ಅಂತ ಡಬ್ಬಿಗೆ ಹಾಕಿದ.

ಕಳ್ಳ ಯಾರು? ಮದುವೆಗೆ ಬಂದ ಮಗಳು ಉಮಾಮಹೇಶ್ವರಿ ಹಲ್ಲಿಗೆ ಹೆದರಿ ಅಟ್ಟದ ಕಡೆ ತಲೆಯನ್ನೇ ಹಾಕುವುದಿಲ್ಲ. ಉಳಿದದ್ದು ದಾಕ್ಷಾಯಣಿ. ಅವಳಿಗೇಕೆ ಬೇಕು? ಆಗ ಅವಳ ತಮ್ಮ ಸುಬ್ಬಪ್ಪನ ನೆನಪಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ, ಗೊರ ಗೊರ ಕೆಮ್ಮು. ಪ್ರತಿ ಭಾನುವಾರ ಊಟಕ್ಕೆ ಬಂದು ಹೋಗುವಾಗ ಅಕ್ಕನ ಕೈಯಿಂದ ಒಂದು ಗಂಟು ಹೊತ್ತೊಯ್ಯುತ್ತಿದ್ದ. ತಮ್ಮ ಎಂದರೆ ಅವಳಿಗೆ ಕರುಳು ಕರಗುತ್ತದೆ. ಅಲ್ಲಿಗೆ ಎಲ್ಲ ತಾಳೆಯಾಯಿತು.

ಮುಂದಿನ ಭಾನುವಾರ ಊಟ ಮುಗಿಸಿ ಹೊರಟ ಸುಬ್ಬಪ್ಪ ಅವನ ಬಸ್ಸನ್ನೇ ಹತ್ತಿದ. ಲಗೇಜು ಸರಿಮಾಡುವವನ ಹಾಗೆ ಷಣ್ಮುಖಪ್ಪ ಭಾವಮೈದುನನ ಚೀಲಕ್ಕೆ ಕೈಹಾಕಿ ಗಂಟು ಬಿಚ್ಚಿಯೇಬಿಟ್ಟ. ಒಳಗಿದ್ದದ್ದು ಅಗಸೆ ಚಟ್ನಿಪುಡಿ. ಅರ್ಧ ಪುಡಿ ಅವನ ಟಿಕೆಟ್ ಪುಸ್ತಕದ ಮೇಲೆ ಚೆಲ್ಲಿತು.

"ಏನ್ ಭಾವ, ಚೆಕಿಂಗಾ?" ಎಂದ ಸುಬ್ಬಪ್ಪ. ಬಸ್ಸೆಲ್ಲ ನಕ್ಕಿತು.

ಅನುಮಾನ ಹೋಗಲಿಲ್ಲ, ಇನ್ನೂ ಬಲಿಯಿತು. ಮನೆಗೆ ಬಂದವನೇ ಕೇಳಿದ. "ಅಟ್ಟ ಯಾರು ಹತ್ತಿದ್ರು?"

"ಇಲಿ ಇರ್ಬೇಕು" ಎಂದಳು ದಾಕ್ಷಾಯಣಿ, ಒಲೆ ಊದುತ್ತ. ಹೊಗೆಗೆ ಕೆಮ್ಮಿ, ಸೆರಗಿನಲ್ಲಿ ಬಾಯೊರೆಸಿಕೊಂಡಳು. "ಯಾಕೆ, ಏನಿಟ್ಟಿದ್ರಿ ಅಲ್ಲಿ?"

ಮುಚ್ಚಳ ತೆಗೆದು ಮತ್ತೆ ಭದ್ರವಾಗಿ ಮುಚ್ಚಿಡುವ ಇಲಿ! ಬಾಯಿಗೆ ಬಂದ ಮಾತನ್ನು ಅವನು ನುಂಗಿಕೊಂಡ. ಅವಳು ತಲೆಯೆತ್ತಿ ಅವನನ್ನು ನೋಡಿದ ರೀತಿಯೂ ಸರಿಯಿರಲಿಲ್ಲ. ಎಲ್ಲ ಗೊತ್ತಿದ್ದವಳ ಹಾಗಿತ್ತು.

ಗುರುವಾರ ಅವನಿಗೆ ರಜೆ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಿಗೆ ತೆಗೆದರೆ ಭದ್ರಾವತಿ ಆಸ್ಪತ್ರೆಯ ಇನಾಯತುಲ್ಲಾ ನಿಂತಿದ್ದರು. ರೋಗಿಗಳು ಔಷಧಿ ತಗೊಳ್ಳುತ್ತಾರೋ ಇಲ್ಲವೋ ಎಂದು ಹೇಳದೆ ಕೇಳದೆ ಮನೆಗೇ ಬಂದು ನೋಡುವುದು ಅವರ ಕೆಲಸ. ಪಕ್ಕದ ಮನೆಯ ವೀರಮ್ಮ ಇಣುಕಿದಳು. "ಜೀವವಿಮೆಯೋರು" ಎಂದು ಅವಳಿಗೆ ಕೇಳುವಂತೆ ಹೇಳಿ ಅವನು ಕದ ಹಾಕಿಕೊಂಡ.

"ಹೋದ ವಾರದ ಎಕ್ಸ್‌ರೇ ಫೋಟೋದಲ್ಲಿ ಎದೇಲಿ ಕಲೆ ಜಾಸ್ತಿ ಆಗಿದೆ ಷಣ್ಮುಖಪ್ಪನೋರೆ. ಡಾಕ್ಟ್ರಿಗೆ ಡೌಟು" ಎಂದು ಇನಾಯತುಲ್ಲಾ ಚೀಲದಿಂದ ಖಾಲಿ ಸೀಸೆಯೊಂದನ್ನು ತೆಗೆದು ಕೊಟ್ಟರು. "ಸ್ವಲ್ಪ ಮೂತ್ರ ಹಿಡ್ಕೊಂಡು ಬನ್ನಿ. ಮಾತ್ರೆ ನುಂಗಿದ್ರೆ ಬಣ್ಣ ತಿರುಗುತ್ತೆ. ನುಂಗಿಲ್ದಿದ್ರೆ ಇಲ್ಲ."

"ಈಗಷ್ಟೇ ಹೋಗಿ ಬಂದೆ ಸಾಹೇಬ್ರೆ."

"ನೀರು ಕುಡೀರಿ. ನಾನು ಕೂತಿರ್ತೀನಿ."

ಸೀಸೆ ಹಿಡಿದು ಅವನು ಹಿತ್ತಲಿನ ಬಚ್ಚಲಿಗೆ ನಡೆದ. ಸಿಕ್ಕಿಬಿದ್ದರೆ ಆಸ್ಪತ್ರೆಯ ಪಟ್ಟಿಯಿಂದ ಹೆಸರು ಹೊಡೆದುಹಾಕಬಹುದು. ಮೂರು ದಿನದಿಂದ ಎದೆಯಲ್ಲಿ ಮತ್ತೆ ಕೆರೆತ ಶುರುವಾಗಿತ್ತು. ಭಯ ಅವನನ್ನು ಹಿಂಡಿಬಿಟ್ಟಿತು. ಬಚ್ಚಲ ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದಳು. ಅವನ ಕೈಯಿಂದ ಸೀಸೆ ತಗೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಸೀಸೆಯನ್ನು ಅವನ ಕೈಗಿತ್ತಳು. ಅದು ಬೆಚ್ಚಗಿತ್ತು.

"ಕೊಡ್ ಹೋಗ್ರಿ."

ತಾನು ನುಂಗುತ್ತಿಲ್ಲವೆಂದು ಇವಳಿಗೆ ಹೇಗೆ ಗೊತ್ತಾಯಿತು? ಗೊತ್ತಿದ್ದರೂ ಇವಳದನ್ನು ಕೊಟ್ಟು ಏನು ಉಪಯೋಗ? ಬೇರೆ ದಾರಿಯಿಲ್ಲದೆ ಕೊಟ್ಟ. ಇನಾಯತುಲ್ಲಾ ಸಣ್ಣ ಗಾಜಿನ ಕೊಳವೆಗೆ ಒಂದಿಷ್ಟು ಸುರಿದು, ಇನ್ನೊಂದು ಸೀಸೆಯಿಂದ ನಾಲ್ಕು ಹನಿ ಬಿಟ್ಟು ಅಲ್ಲಾಡಿಸಿದರು. ಅದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಅಲ್ಲಾನ ದಯ. ನಿಮ್ಮೇಲೆ ಅನುಮಾನ ಪಟ್ಟಿದ್ದು ನಮ್ದೇ ತಪ್ಪು" ಎಂದು ಅವರು ಕಾರ್ಡಿನಲ್ಲಿ 'ಸರಿಯಾಗಿ ಸೇವಿಸುತ್ತಿದ್ದಾರೆ' ಎಂದು ಬರೆದರು. "ಹೀಗೇ ನಡೀಲಿ. ಎಂಟು ಅಂದ್ರೆ ಎಂಟು. ಕಮ್ಮಿ ತಗೊಂಡ್ರೆ ರೋಗ ಸಾಯಲ್ಲ, ಔಷಧಿಗೇ ಒಗ್ಗಿಹೋಗುತ್ತೆ. ಆಮೇಲೆ ಕೊಡಕ್ಕೆ ನಮ್ಮತ್ರ ಬೇರೆ ಏನೂ ಇಲ್ಲ."

ಅವರು ಹೋದ ಮೇಲೆ ಷಣ್ಮುಖಪ್ಪ ಅಡಿಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟ.

"ಯಾವಾಗಿಂದ?"

"ರಕ್ತ ಬಿದ್ದಿದ್ದು ಶಿವರಾತ್ರಿ ಹೊತ್ಗೆ."

"ಆಸ್ಪತ್ರೆಗೆ ಬರ್ಬೇಕಿತ್ತಲ್ಲ ಮಾರಾಯ್ತಿ!"

"ಏನಂತ ಬರ್ಲಿ? ನೀವಾದ್ರೆ ಡ್ಯೂಟಿ ಅಂತ ಹೋಗ್ತೀರ. ನಾನು ವಾರವಾರ ಭದ್ರಾವತಿ ಬಸ್ಸು ಹತ್ತಿದ್ರೆ ವೀರಮ್ಮ ಕೇಳಲ್ವಾ? ಒಂದೇ ಮನೇಲಿ ಇಬ್ರಿಗೆ ಕ್ಷಯ ಅಂದ್ರೆ ಉಮಾನ ಯಾರು ಮಾಡ್ಕೊಳ್ತಾರೆ? ನಾಳಿದ್ದು ನವುಲೆಯೋರು ನೋಡಕ್ ಬರ್ತಾರೆ."

ಹೊಗೆಗೆ ಕೆಮ್ಮುತ್ತಾಳೆ ಎಂದು ತಾನು ಎಷ್ಟು ದಿನ ಅಂದುಕೊಂಡಿದ್ದೆ? ಅವನಿಗೆ ದುಃಖ ಒತ್ತಿಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಚಳಿ ಹುಟ್ಟಿಸುವಂಥದ್ದು.

"ನಾನು ನುಂಗ್ತಿಲ್ಲ ಅಂತ ಮೊದ್ಲೇ ಗೊತ್ತಿತ್ತಾ?"

"ಮೊದಲ್ನೇ ದಿನಾನೇ."

"ಮತ್ತೆ ಒಂದ್ ಮಾತು ನುಂಗಿ ಅನ್ಲಿಲ್ಲ?"

ದಾಕ್ಷಾಯಣಿ ಒಲೆಯ ಬೂದಿ ಗೋರಿದಳು. "ನೀವು ಗುಂಡುಗುಂಡಾಗಿದ್ರಿ" ಎಂದಳು. ಆಮೇಲೆ ನೆಲ ನೋಡುತ್ತ, "ನೀವು ನುಂಗಿದ್ರೆ ನನಗೆಲ್ಲಿರ್ತಿತ್ತು?" ಎಂದಳು.

ಅವನು ಉತ್ತರ ಕೊಡಲು ಹೋದ. ಕೆಮ್ಮು ಬಂತು. ಬಾಯಿಗೆ ಅಡ್ಡ ಹಿಡಿದ ಟವೆಲನ್ನು ಇಬ್ಬರೂ ಒಟ್ಟಿಗೇ ನೋಡಿದರು. ದಾಕ್ಷಾಯಣಿ ಎದ್ದು ಹೋಗಿ ಟವೆಲನ್ನು ನೀರಿಗೆ ಹಾಕಿ ಬಂದಳು.

ದೀಪ ಹಚ್ಚುವ ಹೊತ್ತಿಗೆ ಉಮಾ ಹೊಲಿಗೆ ಕ್ಲಾಸಿನಿಂದ ಬಂದು, ನವುಲೆಯವರು ಬಂದಾಗ ಉಡುವ ಸೀರೆಯನ್ನು ಮಡಿಸುತ್ತ ನಡುಮನೆಯಲ್ಲಿ ಕೂತಿದ್ದಳು. ಅಡಿಗೆಮನೆಯಲ್ಲಿ ದಾಕ್ಷಾಯಣಿ ಎಂಟು ಮಾತ್ರೆ ಎಣಿಸಿ ಗಂಡನ ತಟ್ಟೆಯ ಪಕ್ಕಕ್ಕಿಟ್ಟಳು. ಷಣ್ಮುಖಪ್ಪ ಅವುಗಳನ್ನು ನೋಡುತ್ತ ಕೂತ. ಒಂದೊಂದಾಗಿ ನಾಲ್ಕನ್ನು ಬೆರಳಿನಿಂದ ಅವಳ ಕಡೆಗೆ ತಳ್ಳಿದ. ಅವಳು ಬೇಡವೆನ್ನಲಿಲ್ಲ.

ಇಬ್ಬರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಕುಡಿದು ಮುಗಿಯುವವರೆಗೂ ಅವನು ಅವಳ ಗಂಟಲನ್ನೇ ನೋಡುತ್ತಿದ್ದ, ಅವಳು ಅವನದನ್ನು.