ಕಿವಿ ಮೇಸ್ತ್ರಿ

ನಮ್ಮ ಮಾವನವರು ಎಡಗಿವಿಯನ್ನು ಮುಂದಿಟ್ಟುಕೊಂಡು ನಡೆಯುವವರು. ನಡೆಯುವಾಗ ಬೇರೆಯವರಿಗೆ ಮೂಗೋ ಹೊಟ್ಟೆಯೋ ಮುಂದಾದರೆ ಇವರಿಗೆ ಕಿವಿ. ಕತ್ತು ಬಲಕ್ಕೆ ಹೊರಳಿ, ಎಡ ಭುಜ ಒಂದಂಗುಲ ಮೇಲೆದ್ದು, ಗೋಡೆಯಾಚೆಯಿಂದ ಯಾರೋ ಮೆಲ್ಲಗೆ ಕರೆಯುತ್ತಿರುವರೆಂಬಂತೆ ಬೀದಿಯಂಚಿನಲ್ಲಿ ಸಾಗುವ ಆ ಕೃಶ ಆಕೃತಿಯನ್ನು ಎಷ್ಟು ದೂರದಿಂದಲಾದರೂ ಗುರುತಿಸಬಹುದು. ಕಾಡುಮೇಡಿಗೆ ಹೋಗುವ ಜೀಪುಗಳೆಲ್ಲ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿಗೇ ಬರುತ್ತಿದ್ದವು, ಮತ್ತು ಅವುಗಳ ಡ್ರೈವರುಗಳು ಇವರಿಗೆ ಇಟ್ಟ ಹೆಸರು ಕಿವಿ ಮೇಸ್ತ್ರಿ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಅವರು ಕಣ್ಣು ಮುಚ್ಚಿದರೆಂದರೆ ಶೆಡ್ಡಿನಲ್ಲಿದ್ದವರು ಉಸಿರು ಬಿಗಿಹಿಡಿಯಬೇಕು. ವಾಹನದವನು ಬಾಯಿ ತೆರೆದರೆ ಕೈ ಮೇಲೆತ್ತಿ, "ತಡಿ, ಅದು ಮಾತಾಡ್ಲಿ" ಅನ್ನುವರು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನನಗೆ ಕೇಳುವಂತೆ ಗೊಣಗುವುದಿತ್ತು: "ಮೂವತ್ತೈದು ವರ್ಷದಿಂದ ನಾನೂ ಮಾತಾಡ್ತಾನೇ ಇದೀನಮ್ಮ. ಒಂದಿನ ತಿರುಗಿ ನೋಡಿದೋರಲ್ಲ. ಅದೇ ಒಂದು ನಟ್ಟು ಮಿಸುಕಾಡ್ಲಿ, ಊಟದ ಕೈಯಲ್ಲೇ ಎದ್ದು ಓಡ್ತಾರೆ!"

ಬೇಸಿಗೆಯಲ್ಲೂ ಬಿಡದ ಒಂದು ನೀಲಿ ಕೋಟು ಅವರದು. ಮೊಳಕೈ ಸವೆದು ನೂಲು ಕಾಣುವ ಆ ಕೋಟಿನ ಎಡ ಜೇಬಿನಲ್ಲಿ ಕೊಳವೆಯ ತಿರುಪಿನ ಮರೆಗಳಿಗೆ ಸುತ್ತುವ ಬಿಳಿ ಟೇಪಿನ ಸುರುಳಿ, ಬಲ ಜೇಬಿನಲ್ಲಿ ಹಿಡಿಯಷ್ಟು ವಾಲ್ವ್ ಪಿನ್ನು. ಒಗೆಯಲು ಹಾಕುವ ಮುನ್ನ ಜೇಬು ಖಾಲಿ ಮಾಡುವುದು ನನ್ನ ಪಾಲಿನ ಕೆಲಸ. ಮಗು ತೆವಳಲು ಕಲಿತಂದಿನಿಂದ ಆ ಕೆಲಸವನ್ನು ಎರಡೆರಡು ಸಲ ಮಾಡುತ್ತೇನೆ.

ಗಾಳಿ ಸೋರುವುದನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬೇರೆ ಮೇಸ್ತ್ರಿಗಳು ಕೊಳವೆಗಳು ಕೂಡುವ ಕೀಲಿಗೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾರೆ; ಇವರು ಬರಿದೇ ಬಾಗಿ ಕಿವಿಗೊಟ್ಟು, "ಇಲ್ಲಿ" ಎಂದು ಬೆರಳಿಡುವರು. "ಸೋಪ್‌ನೀರು ಕಿವುಡರ ಊರುಗೋಲು ಕಣಮ್ಮ" ಎಂದು ನಗುತ್ತಿದ್ದರು. ಅವರು ಮನಬಿಚ್ಚಿ ನಕ್ಕದ್ದನ್ನು ನಾನು ಕಂಡದ್ದು ಆ ಒಂದು ಮಾತಿನಲ್ಲಿ ಮಾತ್ರ.

ಮಗುವಿಗೆ ಮೊದಲ ಹಲ್ಲು ಕಾಣಿಸಿಕೊಂಡ ದಿನ ನನ್ನ ದಿನಚರಿಯಲ್ಲಿ ಇನ್ನೊಂದು ಸಾಲೂ ಇದೆ. ಅಂದು ಒಲೆಯ ಮೇಲೆ ಕುಕ್ಕರ್ ಇಟ್ಟು, "ಮೂರು ಕೂಗಿದ್ಮೇಲೆ ಆರಿಸ್ಬಿಡಿ ಮಾವ" ಎಂದು ಹೇಳಿ ಮಗುವನ್ನು ಮಲಗಿಸಲು ಹೋಗಿದ್ದೆ. ಕೋಣೆಯಿಂದ ಏಳನೆಯ ಕೂಗು ಎಣಿಸಿ ಓಡಿಬಂದರೆ ಇವರು ಅದರೆದುರೇ ಕುರ್ಚಿ ಹಾಕಿಕೊಂಡು ನಿಶ್ಚಿಂತರಾಗಿ ಕುಳಿತಿದ್ದಾರೆ. "ಇನ್ನೂ ಒಂದೂ ಕೂಗಿಲ್ವಲ್ಲಮ್ಮ. ಗ್ಯಾಸ್ಕೆಟ್ ಹೋಗಿರ್ಬೇಕು" ಎಂದರು. ತಳ ಹೊತ್ತಿದ ವಾಸನೆ ಮನೆ ತುಂಬಿತ್ತು. ಸಂಜೆ ಪೇಟೆಗೆ ಹೋಗಿ ತಾವೇ ಹೊಸ ಗ್ಯಾಸ್ಕೆಟ್ ತಂದು ಕೂಡಿಸಿದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು, ತುಟಿ ಬಿಚ್ಚಲಿಲ್ಲ. ಮುಂದೆ ಮಗುವಿನ ರಬ್ಬರ್ ಬಾತುಕೋಳಿಯ ಸರದಿ: ಒತ್ತಿದರೆ ಕೀಚಲು ಸದ್ದು ಮಾಡುವ ಆ ಆಟಿಕೆ ಕೆಟ್ಟಿದೆಯೆಂದು ಅದರ ಹೊಟ್ಟೆಯ ಸೀಟಿ ಕಿತ್ತು, ಉಜ್ಜಿ, ಅಂಟು ಹಾಕಿ ಕೂಡಿಸಿದರು. ಜಗತ್ತಿನ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಕೆಡುತ್ತಿವೆಯೆಂದು ನಂಬಿ, ಅವನ್ನು ರಿಪೇರಿ ಮಾಡುತ್ತ ಹೊರಟಿದ್ದರು ನಮ್ಮ ಮಾವ.

ಇಂಥ ಹೊತ್ತಿನಲ್ಲಿ ಅವರ ಕೈಗೆ ಬಂದದ್ದು ಅವರ ಮಗನ ಜೀಪು. ಗುಡ್ಡದಾಚೆಯ ಬಿಡಾರಗಳಿಗೆ ಚುಚ್ಚುಮದ್ದಿನೊಂದಿಗೆ ಒಬ್ಬ ನರ್ಸನ್ನು ಕರೆದೊಯ್ಯುವುದು ನನ್ನ ಗಂಡನ ಕೆಲಸ. ದಾರಿಯಲ್ಲಿ ಮೊದಲು ಒಣಹೊಳೆಯ ಮರಳು, ಆಮೇಲೆ ಚೂಪುಗಲ್ಲಿನ ಏರು. ಮರಳಿನಲ್ಲಿ ಹೂಳದಿರಲು ಟೈರಿನ ಗಾಳಿ ಇಳಿಸಬೇಕು. ಕಲ್ಲು ಹತ್ತುವ ಮುನ್ನ ಮತ್ತೆ ಬಿಗಿಯಾಗಿ ತುಂಬಬೇಕು. ಹೋದ ತಿಂಗಳು ಕಾಲುಪಂಪು ಒತ್ತಿ ಒತ್ತಿ ಸುಸ್ತಾಗಿ ಅರೆಗಾಳಿಯಲ್ಲೇ ಏರು ಹಿಡಿದಿದ್ದರು. ಕಲ್ಲೊಂದು ಟೈರಿನ ಪಕ್ಕೆ ಸೀಳಿ, ಜೀಪು ಎರಡು ದಿನ ನಡುದಾರಿಯಲ್ಲಿ ನಿಂತು, ಮದ್ದಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ, ಔಷಧಿಯೆಲ್ಲ ಮಣ್ಣುಪಾಲಾಯಿತು. ಹಾಗಾಗಿ ಜೀಪಿನೊಳಗೇ ಗಾಳಿಯ ಕಂಪ್ರೆಸರ್ ಕೂಡಿಸುವುದೆಂದಾಯಿತು.

ಮೂರು ದಿನ ಅವರು ಆ ಕೆಲಸದಲ್ಲಿ ತನ್ಮಯರಾಗಿದ್ದುದನ್ನು ನೋಡುವುದೇ ಒಂದು ಭಾಗ್ಯವಾಗಿತ್ತು. ಬಾನೆಟ್ಟಿನಡಿ, ಹೊಗೆಕೊಳವೆಯ ಬಿಸಿ ತಾಗದ ಮೂಲೆ ಹುಡುಕಿ ತಗಡು ಬಗ್ಗಿಸಿ ಪೀಠ ಮಾಡಿದರು. ಬ್ಯಾಟರಿಯಿಂದ ದಪ್ಪ ತಂತಿ ಎಳೆದು ನಡುವೆ ಫ್ಯೂಸು ಕೂಡಿಸಿದರು. ಹಿಂಬದಿ ಚಾಸಿಯ ಪಕ್ಕ ಗಾಳಿಯ ಡಬ್ಬ ಬಿಗಿದು, ನೂರ ಇಪ್ಪತ್ತು ಪೌಂಡಿನ ಒತ್ತಡ ತುಂಬಿದೊಡನೆ ಮೋಟಾರು ತಾನೇ ನಿಲ್ಲುವಂತೆ, ತೊಂಬತ್ತಕ್ಕಿಳಿದೊಡನೆ ತಾನೇ ಹೊರಡುವಂತೆ ಮಾಡಿದರು. "ಸೋರೋ ಡಬ್ಬಕ್ಕೆ ತುಂಬೋ ಮೋಟಾರು ಸುಟ್ಟೇ ಸಾಯೋದು" ಎಂದು ಮಗನಿಗೆ ಪಾಠ ಹೇಳಿದರು. ಮೂರನೆಯ ದಿನ ನಡುಹಗಲಿಗೆ ಡಬ್ಬ ತುಂಬಿಸಿ, ಮೋಟಾರು ಆರಿಸಿ, ಕೀಲು ಕೀಲಿಗೂ ಬಾಗಿ ಕಿವಿಯಿಟ್ಟು, ನಿಧಾನವಾಗಿ ಎದ್ದು ನಿಂತು ಘೋಷಿಸಿದರು: "ಸದ್ದಿಲ್ಲ."

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವರ ಬೆನ್ನ ಹಿಂದೆಯೇ ನಿಂತಿದ್ದ ನನಗೆ, ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂಥ ತೆಳ್ಳನೆಯ 'ಸ್‌ಸ್' ಡಬ್ಬದ ಮೇಲುಗಡೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

ಮೂರು ಗಂಟೆಗೆ ಡಬ್ಬದ ಒತ್ತಡ ತೋರಿಸುವ ಮೀಟರಿನ ಮುಳ್ಳು ನೂರಕ್ಕೆ ಇಳಿದಿತ್ತು. ಅವರು ಮೀಟರನ್ನೇ ಬಿಚ್ಚಿ ಬೇರೆ ಹಾಕಿದರು. ಅದರ ಮುಳ್ಳೂ ಇಳಿಯತೊಡಗಿದಾಗ, "ಇದೂ ಕಳಪೆ. ಈಗಿನ ಮಾಲೇ ಹೀಗೆ" ಎಂದು ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಜೀಪು ಮರುದಿನ ಬೆಳಗ್ಗೆ ಹೊರಡಬೇಕು. ಅಂಗಳದಲ್ಲಿ ಪೆಟ್ಟಿಗೆಗೆ ಹಗ್ಗ ಸರಿಮಾಡುತ್ತಿದ್ದ ಗಂಡನ ಬಳಿ ಹೋದೆ.

"ಗಾಳಿ ಸೋರ್ತಾ ಇದೆ. ನಿಮಗೂ ಕೇಳಿಸ್ತಲ್ವಾ?"

ಅವರು ತಲೆಯೆತ್ತಲಿಲ್ಲ. "ಕೇಳಿಸ್ತು."

"ಮತ್ತೆ? ಒಂಚೂರು ಸೋಪ್‌ನೀರು ಹಾಕಿ ತೋರ್ಸಿ."

"ಅಪ್ಪ ಹಾಕಿದ ಕೀಲಿಗೆ ಸೋಪ್‌ನೀರಾ? ಅವರ ಮುಖಕ್ಕೆ ಉಗಿದ ಹಾಗಾಗುತ್ತೆ ಕಣೇ. ಬಿಡು, ದಾರೀಲಿ ನಾನೇ ಬಿಗಿ ಮಾಡ್ಕೋತೀನಿ."

"ದಾರೀಲಿ ಅಂದ್ರೆ ಎಲ್ಲಿ? ಕಲ್ಲಿನ ಮೇಲಾ? ಮೋಟಾರು ಸುಟ್ಟ ಮೇಲಾ?"

ಅವರು ಹಗ್ಗದ ಇನ್ನೊಂದು ಗಂಟಿಗೆ ಕೈ ಹಾಕಿದರು. ನಾನು ಒಳಗೆ ಹೋಗಿ, ಮಗುವಿನ ಸ್ನಾನದ ಸೋಪನ್ನು ಲೋಟದ ನೀರಿನಲ್ಲಿ ನೊರೆಯೇಳುವಂತೆ ಕಲಸಿ, ಹಳೆಯ ಬ್ರಷ್ಷೊಂದನ್ನು ಹಿಡಿದು ಶೆಡ್ಡಿಗೆ ಬಂದೆ. ಮಾವ ಚಹಾ ಕುಡಿಯುತ್ತಿರುವ ಹೊತ್ತಿನಲ್ಲಿ ಕೀಲು ಯಾವುದೆಂದು ಗುರುತಿಸಿ ಗಂಡನಿಗೆ ತೋರಿಸಿಬಿಟ್ಟರೆ ಸಾಕು, ಅವರಿಗೆ ತಿಳಿಯುವುದೇ ಬೇಡ ಎಂಬುದು ನನ್ನ ಲೆಕ್ಕಾಚಾರ. ಬಳಿದ ಎರಡನೆಯ ಕೀಲಿನಲ್ಲೇ ಗುಳ್ಳೆ ಎದ್ದಿತು: ಸಾಸಿವೆಯಷ್ಟಾಗಿ, ಬಟಾಣಿಯಷ್ಟಾಗಿ, ಹೊಳೆದು, ಒಡೆದು, ಮತ್ತೆ ಎದ್ದಿತು. ನಾನು ತಿರುಗುವಷ್ಟರಲ್ಲಿ ಮಾವ ಹಿಂದೆ ನಿಂತಿದ್ದರು.

ಬೈಯುವರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಮಂಡಿಯೂರಿ ಕುಳಿತು, ಆ ಕೀಲಿಗೆ ನೊರೆ ಕೆನ್ನೆಗೆ ಹತ್ತುವಷ್ಟು ಹತ್ತಿರಕ್ಕೆ ಎಡಗಿವಿ ಒಯ್ದರು. ಆಮೇಲೆ ಬಲಗಿವಿ. ಕೊನೆಗೆ ಹಿಂದೆ ಸರಿದು, ಎದ್ದೊಡೆಯುವ ಗುಳ್ಳೆಯನ್ನು ಬಹಳ ಹೊತ್ತು ಕಣ್ಣಿನಿಂದ ನೋಡಿದರು.

"ನಿನಗೆ ಕೇಳಿಸ್ತಾ ಇದ್ಯಾ?"

"ಹೂಂ ಮಾವ."

"ಯಾವಾಗಿಂದ?"

"ಮಧ್ಯಾಹ್ನ ನೀವು ನೋಡಿದ್ರಲ್ಲ, ಆಗಿಂದ."

"ಅದಲ್ಲ." ಕೋಟಿನ ತೋಳಿನಿಂದ ಕೆನ್ನೆ ಒರೆಸಿಕೊಂಡರು. "ನನಗೆ ಕೇಳಿಸೋಲ್ಲ ಅಂತ ಯಾವಾಗಿಂದ ಗೊತ್ತು?"

ತಾರೀಖಿನ ಸಮೇತ ಗೊತ್ತಿತ್ತು ನನಗೆ. ಲೋಟದ ನೊರೆ ನೋಡುತ್ತ ನಿಂತೆ.

"ನಿಮ್ಮತ್ತೆಗೂ ಗೊತ್ತಾ? ಅವನಿಗೂ?"

ಅಂಗಳದಲ್ಲಿ ಹಗ್ಗ ಎಳೆಯುವ ಸದ್ದು ನಿಂತಿತ್ತು. ಮಾವ ನನ್ನ ಮುಖದಲ್ಲಿ ಉತ್ತರ ಓದಿಕೊಂಡರು. ಇನ್ನೇನೂ ಕೇಳದೆ ಗಾಳಿ ಹೊರಬಿಟ್ಟು, ಕೀಲು ಬಿಚ್ಚಿ, ಹಳೆಯ ಟೇಪು ಕೆರೆದು, ಹೊಸದನ್ನು ಸುತ್ತಿ ಬಿಗಿದರು. ಮತ್ತೆ ತುಂಬಿಸಿ, "ಹಾಕಮ್ಮ" ಎಂದರು. ನಾನು ಬ್ರಷ್ಷು ಆಡಿಸಿದೆ. ಹೀಗೆ ಹನ್ನೆರಡೂ ಕೀಲುಗಳಿಗೆ. ಒಂಬತ್ತನೆಯದರಲ್ಲಿ ನನಗೂ ಕೇಳಿರದ ಸಣ್ಣ ಸೋರಿಕೆಯೊಂದು ಸಿಕ್ಕಾಗ ಅವರ ಮುಖದಲ್ಲಿ ಕ್ಷಣಮಾತ್ರ ಏನೋ ಅರಳಿ, ತಾನೇ ನಾಚಿಕೊಂಡಂತೆ ಮುದುಡಿತು.

ಜೀಪು ಹೋಯಿತು, ನಾಲ್ಕನೆಯ ದಿನ ಔಷಧಿಯನ್ನೆಲ್ಲ ಹಾಕಿಸಿ, ನಾಲ್ಕು ಟೈರೂ ಗಟ್ಟಿಯಾಗಿ ಮರಳಿತು. "ಅಪ್ಪ, ಕಂಪ್ರೆಸರ್ ಬಂಗಾರದ ಹಾಗೆ ಓಡ್ತು" ಎಂದು ನನ್ನ ಗಂಡ ಎರಡೆರಡು ಸಲ ಹೇಳಿದರು, ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ. ಆ ಗಟ್ಟಿತನ ಅವರಿಗೆ ತಾಗಿತು. ಆ ವಾರ ಬಂದ ಎರಡು ಜೀಪುಗಳನ್ನು ಪೇಟೆಯ ಬೇರೊಬ್ಬ ಮೇಸ್ತ್ರಿಯ ಹತ್ತಿರ ಕಳಿಸಿದರು. ಒಂದು ಮಧ್ಯಾಹ್ನ ನಾನು ತೊಟ್ಟಿಲ ಬಳಿ ಬಟ್ಟೆ ಮಡಿಸುತ್ತಿದ್ದಾಗ ಬಾಗಿಲಿಗೆ ಬಂದು ನಿಂತು, ಯಾರೂ ಕೇಳದಿದ್ದರೂ ಹೇಳಿದರು: "ಮಗು ಅತ್ತರೆ ಕೇಳ್ಸುತ್ತೆ ನನಗೆ. ಅದು ಕೇಳ್ಸುತ್ತೆ." "ಹೌದು ಮಾವ" ಎಂದೆ. ಅದು ನಿಜವೂ ಆಗಿತ್ತು.

ಓದಿ ಕಲಿತ ವಿದ್ಯೆ ಪುಸ್ತಕದಲ್ಲಿ ಉಳಿಯುತ್ತದೆ. ಕಣ್ಣಲ್ಲೋ ಬೆರಳಲ್ಲೋ ಕಿವಿಯಲ್ಲೋ ವಿದ್ಯೆಯನ್ನಿಟ್ಟುಕೊಂಡು ಬಾಳಿದವರು ಮುಪ್ಪಿನಲ್ಲಿ ಇಂದ್ರಿಯ, ವಿದ್ಯೆ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಕಳೆದದ್ದು ಮನೆಯವರಿಗೆಲ್ಲ ಮೊದಲು ಗೊತ್ತಾಗುತ್ತದೆ, ಅವರಿಗೆ ಕೊನೆಗೆ. ಆ ನಡುವಿನ ದಿನಗಳಲ್ಲಿ ನಾವು ಸುಮ್ಮನಿರುತ್ತೇವೆ, ಆ ಸುಮ್ಮನಿರುವಿಕೆಗೆ ಗೌರವವೆಂದು ಹೆಸರಿಟ್ಟುಕೊಳ್ಳುತ್ತೇವೆ. ಇಂದ್ರಿಯ ಕೆಟ್ಟದ್ದನ್ನು ಅಂಥವರು ಹೇಗೋ ಸಹಿಸಿಯಾರು. ಅಷ್ಟು ದಿನವೂ ತಮ್ಮ ಮನೆಯಲ್ಲಿ ತಾವೊಬ್ಬರೇ ಅದನ್ನು ಅರಿಯದೆ ತಲೆಯೆತ್ತಿ ಓಡಾಡಿಕೊಂಡಿದ್ದೆವೆಂಬುದನ್ನು ಮಾತ್ರ ಅವರು ಸಹಿಸಲಾರರು.