ಮಿನಾಸನ ಬಾಗಿಲ ಚೀಟಿ

ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ಸಂತ ಮಿನಾಸನ ದಿನ ಆ ಹೆಸರಿನವನ ಬಾಗಿಲು ತೆರೆದಿರಬೇಕು, ನೆನಪಿದ್ದವರು ತಾವಾಗಿ ಬಂದು ಹರಸಿ ಉಂಡು ಹೋಗಬೇಕು. ಸಿಫ್ನೋಸ್ ದ್ವೀಪದಲ್ಲಿ ಊಟದ ಅಂಗಡಿ ನಡೆಸುವ ಮಿನಾಸ್ ಈ ಹಾಳು ಪದ್ಧತಿಯನ್ನೇ ನೆಚ್ಚಿಕೊಂಡು ಆರು ವರ್ಷ ಅಣ್ಣನ ದಾರಿ ಕಾದ. ಒಂದು ಫೋನು ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ತಪ್ಪು ಮಿನಾಸನದೇ. ಅಮ್ಮ ತೀರಿಕೊಂಡ ಮೇಲೆ ಅಂಗಡಿ ಅಣ್ಣತಮ್ಮಂದಿರ ಕೈಗೆ ಬಂದಿತ್ತು. ಒಂದು ಭಾನುವಾರ ಅಣ್ಣ ಲಿನಾರ್ಡೋಸ್, ಸೌದೆ ಒಲೆಯಲ್ಲಿ ಬೇಯಲಿಡುವ ಅಮ್ಮನ ಕಾಬೂಲಿ ಕಡಲೆಗೆ ಕ್ಯಾರೆಟ್ ಹೆಚ್ಚಿ ಹಾಕಿದ. ಮಿನಾಸ್ ಗಿರಾಕಿಗಳ ಎದುರೇ ಮಡಕೆ ಎತ್ತಿ ಬೆಕ್ಕುಗಳಿಗೆ ಸುರಿದ.

"ಕೈಗುಣ ಇಲ್ದೋರು ಅಮ್ಮನ ಒಲೆ ಹತ್ರ ಸುಳೀಬಾರ್ದು" ಎಂದ.

ಲಿನಾರ್ಡೋಸ್ ಮರುದಿನವೇ ಹಡಗು ಹತ್ತಿ ಆಚೆ ದಡದ ಪಿರೇಯಸ್ ಪಟ್ಟಣಕ್ಕೆ ಹೋಗಿಬಿಟ್ಟ.

ಏಳನೆಯ ವರ್ಷ ಹಬ್ಬದ ದಿನ ಮಿನಾಸನಿಗೆ ರೇಗಿತು. "ಈ ವರ್ಷ ಮಿನಾಸ್ ಹಬ್ಬ ಆಚರಿಸುವುದಿಲ್ಲ" ಎಂದು ಬಾಗಿಲಿಗೆ ಚೀಟಿ ಅಂಟಿಸಿದ. ಸೂತಕದ ಮನೆಯವರು ಅಂಟಿಸುವ ಚೀಟಿ ಅದು.

"ಏನ್ರೀ ಇದು, ನಿಮ್ಮಣ್ಣ ಒಬ್ಬ ಬರ್ಲಿಲ್ಲ ಅಂತ ಊರಿಗೆಲ್ಲ ಬಾಗಿಲು ಹಾಕೋದಾ?" ಎಂದಳು ಹೆಂಡತಿ ಮಾರೂಸೊ. "ಮಿಕ್ಕೋರು ಮನುಷ್ಯರಲ್ವಾ?"

ಅವನು ಒಳಗೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಮಧ್ಯಾಹ್ನ ಬಾಗಿಲಾಚೆ ಯಾರೋ ಬಹಳ ಹೊತ್ತು ನಿಂತು ಹೋದ ಸಪ್ಪಳವಾಯಿತು. ಅವನು ಏಳಲಿಲ್ಲ.

ಮಾರನೆಯ ದಿನ ಬಂದರಿನಲ್ಲಿ ಟಿಕೆಟ್ ಮಾರುವ ಸ್ಟಾಮಾಟಿಸ್ ಅವನನ್ನು ತಡೆದು ನಿಲ್ಲಿಸಿದ.

"ನಿನ್ನೆ ನಿಮ್ಮಣ್ಣ ಬಂದಿದ್ನಲ್ಲೋ. ಹೋದ ಅರ್ಧ ಗಂಟೇಲೇ ವಾಪಸ್ ಬಂದ. ತಂದಿದ್ದ ಕೇಕು ನನ್ ಮೇಜಿನ ಮೇಲಿಟ್ಟು, 'ಚೀಟಿ ನಂಗೇ ಬರೆದಿದಾನೆ' ಅಂತ ಅದೇ ಹಡಗು ಹತ್ತಿದ."

ಮಿನಾಸ್ ಮನೆಗೆ ಹೋಗಿ ಚೀಟಿ ಕಿತ್ತೆಸೆದ. ಆದರೂ ತಕ್ಷಣ ಹೊರಡಲಿಲ್ಲ. ಏನು ಹೇಳುವುದು, ಯಾವ ಮುಖ ಹೊತ್ತು ಹೋಗುವುದು ಎಂದು ನಾಲ್ಕು ದಿನ ಮೀನಮೇಷ ಎಣಿಸಿದ. ಐದನೆಯ ದಿನ ಅಮ್ಮನ ಕಡಲೆ ಬೇಯಿಸಿ, ಮಡಕೆಗೆ ಬಟ್ಟೆ ಸುತ್ತಿಕೊಂಡು ಪಿರೇಯಸ್ಸಿಗೆ ಹೋದ.

ಬಾಗಿಲು ತೆರೆದ ಅತ್ತಿಗೆ ಮಡಕೆ ನೋಡಿ ಅಳತೊಡಗಿದಳು.

"ಮೊನ್ನೆ ನಿಮ್ಮಣ್ಣಂಗೆ ಗಂಟಲು ಆಪರೇಷನ್ ಆಯ್ತಪ್ಪ. ಇನ್ಮೇಲೆ ಬಾಯಲ್ಲಿ ಉಣ್ಣೋ ಹಾಗಿಲ್ಲ, ಎಲ್ಲಾ ನಳಿಗೇಲೇ. ಅದಕ್ಕೆ ಮುಂಚೆ ಒಂದ್ಸಲ ನಿನ್ ಕೈಯಡುಗೆ ಉಂಡು ಬರ್ತೀನಿ ಅಂತ ಹೋಗಿದ್ರು."

ಅಣ್ಣನನ್ನು ಇನ್ನೂ ಆಸ್ಪತ್ರೆಯಿಂದ ಬಿಟ್ಟಿರಲಿಲ್ಲ. ಅತ್ತಿಗೆ ಮಿನಾಸನನ್ನು ಮಡಕೆ ಸಮೇತ ಅಲ್ಲಿಗೆ ಕರೆದೊಯ್ದಳು. ಲಿನಾರ್ಡೋಸ್‌ಗೆ ಮಾತೂ ನಿಂತಿತ್ತು. ಮಿನಾಸ್ ಹಾಸಿಗೆಯ ಬಳಿ ಕುಸಿದು, "ತಪ್ಪಾಯ್ತು ಅಣ್ಣ" ಎಂದ. ಏಳು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಎಷ್ಟು ಸಲೀಸಾಗಿ ಹೊರಬಂತು ಎಂದು ಅವನಿಗೇ ನಾಚಿಕೆಯಾಯಿತು.

ಲಿನಾರ್ಡೋಸ್ ಮಡಕೆಯ ಮುಚ್ಚಳ ತೆಗೆಯುವಂತೆ ಸನ್ನೆ ಮಾಡಿದ. ಬಗ್ಗಿ ನೋಡಿದ. ಆಮೇಲೆ ಮಾತಿಗೆಂದು ಪಕ್ಕದಲ್ಲಿಟ್ಟಿದ್ದ ಪುಟ್ಟ ಹಲಗೆಯ ಮೇಲೆ ನಿಧಾನವಾಗಿ ಬರೆದ: "ಹಡಗಲ್ಲಿ ಏನೂ ತಿಂದಿರಲ್ಲ ನೀನು. ಕೂತ್ಕೊಂಡು ಉಣ್ಣು."

ಮಿನಾಸ್ ಉಂಡ. ಅಣ್ಣ ನೋಡುತ್ತಿದ್ದ.