ನಿದ್ದೆಯ ಗ್ರಾಫು

ಗಣಿತದ ಮೇಡಂ ತರಬೇತಿಯಿಂದ ಮರಳಿದ್ದು ಕೈಗೆಲ್ಲ ಗೋಂದು ಮೆತ್ತಿಕೊಂಡು. ಹಳೇ ಪೇಪರಿನಲ್ಲಿ ಸೇತುವೆ ಕಟ್ಟಿ ಎಂದು ಅಲ್ಲಿ ಹೇಳಿದ್ದರಂತೆ. ನಿವೃತ್ತಿಯ ಅಂಚಿಗೆ ಬಂದ ಮೇಷ್ಟ್ರುಗಳೆಲ್ಲ ನೆಲದ ಮೇಲೆ ಮಂಡಿಯೂರಿ ಕತ್ತರಿಗಾಗಿ ಕಿತ್ತಾಡಿದ್ದರಂತೆ. ಮೇಡಂ ಗುಂಪಿನ ಸೇತುವೆ ಡಸ್ಟರಿನ ಭಾರಕ್ಕೇ ಮಕಾಡೆ ಮಲಗಿತ್ತು. ಆದರೂ ಅವರಿಗೆ ಹುಚ್ಚು ಹಿಡಿದಿತ್ತು. ಪಾಠ ಒಪ್ಪಿಸುವುದು ಸಾಕು, ಇನ್ನು ಮಕ್ಕಳೇ ನಿಜವಾದ ಒಂದು ಪ್ರಶ್ನೆ ಎತ್ತಿಕೊಂಡು ಪ್ರಾಜೆಕ್ಟ್ ಮಾಡುತ್ತ ಉತ್ತರ ಹುಡುಕಬೇಕು.

ಅದೇ ಶಾಲೆಯಲ್ಲಿ ಇತಿಹಾಸ ಹೇಳುವ ಅವರ ಯಜಮಾನರು ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳಿ, ಪಾಠ ಮಾಡಲು ಬಾರದವರು ಹೂಡಿದ ಆಟ ಎಂದು ಎದ್ದು ಕೈ ತೊಳೆದರು.

ಮರುದಿನ ಮೇಡಂ ಎಂಟನೇ ತರಗತಿಗೆ ಹೋಗಿ, ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆ ಯಾವುದೆಂದು ಕೇಳಿದರು. ಪ್ಲಾಸ್ಟಿಕ್ಕು, ಹೊಗೆ ಎಂದೇನಾದರೂ ಹೇಳಿಯಾರು ಅಂದುಕೊಂಡಿದ್ದರು. ಮಕ್ಕಳು ಗುಸುಗುಸು ಮಾಡಿ ಒಮ್ಮತಕ್ಕೆ ಬಂದರು. ನಮಗೆ ಕ್ಲಾಸಿನಲ್ಲಿ ಯಾಕೆ ನಿದ್ದೆ ಬರುತ್ತದೆ?

ಮೇಡಂ ಬೇಡವೆನ್ನುವ ಹಾಗಿರಲಿಲ್ಲ. ಯಾವ ವಿಷಯಕ್ಕೆ ಎಷ್ಟು ಜನ ತೂಕಡಿಸುತ್ತಾರೆಂದು ಮಕ್ಕಳು ಲೆಕ್ಕವಿಟ್ಟರು, ಗ್ರಾಫು ಬರೆದರು, ಕಾರಿಡಾರಿನ ಗೋಡೆಗೆ ಅಂಟಿಸಿದರು. ಗ್ರಾಫಿನ ಒಂದು ಕಂಬ ಮಾತ್ರ ಹಾಳೆಯಲ್ಲಿ ಹಿಡಿಸದೆ ಮೇಲೊಂದು ಹಾಳೆ ಜೋಡಿಸಬೇಕಾಯಿತು. ಅದು ಇತಿಹಾಸದ್ದು. ಸ್ಟಾಫ್‌ರೂಮಿನಲ್ಲಿ ಡ್ರಿಲ್ ಮೇಷ್ಟ್ರು, ತಮಗೆ ಕೆಲವು ದಿನದಿಂದ ನಿದ್ದೆ ಬರುತ್ತಿಲ್ಲ, ಒಂದು ಪಾಠ ಕೇಳಲು ಬರಲೇ ಎಂದು ಇತಿಹಾಸದ ಮೇಷ್ಟ್ರನ್ನು ವಿಚಾರಿಸಿದರು.

"ಮನೆ ಮರ್ಯಾದೆನ ಗೋಡೆಗೆ ಅಂಟಿಸಿಬಿಟ್ಟೆಯಲ್ಲೇ," ಎಂದರು ಯಜಮಾನರು.

"ಕಂಬ ಎತ್ತರ ಮಾಡಿದ್ದು ನಾನಲ್ಲ ರೀ."

ಊಟವಾದ ಮೇಲಿನ ಪೀರಿಯಡ್ ಯಾರಿಗೆ ಕೊಟ್ಟರೂ ಇದೇ ಗತಿ ಎಂದು ಅವರು ವಾದಿಸಿದರು. ಹಾಗಾದರೆ ಪೀರಿಯಡ್ ಅದಲುಬದಲು ಮಾಡಿ ನೋಡೋಣ ಎಂದರು ಮೇಡಂ. ಬೆಳಗ್ಗೆ ಮೊದಲ ಪೀರಿಯಡ್ಡೇ ಇತಿಹಾಸವಾಯಿತು. ಲೆಕ್ಕ ಬರೆಯಬೇಕಾದ ಹುಡುಗಿಯೇ ನಿದ್ದೆ ಹೋದದ್ದರಿಂದ ಆ ದಿನದ ಅಂಕಿಅಂಶ ಸಿಗಲಿಲ್ಲ.

ಮೇಷ್ಟ್ರು ಅವಳ ಬೆಂಚಿನ ಹತ್ತಿರ ಹೋಗಿ ನಿಂತರು. ಅವಳು ಗಾಬರಿಯಿಂದ ಎದ್ದಳು. ಯಾಕಮ್ಮ ಹೀಗೆ ಎಂದು ಅವರು ಮೆತ್ತಗೆ ಕೇಳಿದರು.

"ಸರ್, ನೀವು ಪುಸ್ತಕಕ್ಕೆ ಪಾಠ ಮಾಡ್ತೀರಿ," ಎಂದಳು ಹುಡುಗಿ. "ನಮ್ಮ ಕಡೆ ನೋಡೋದೇ ಇಲ್ಲ."

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತರು. ಆಮೇಲೆ ಹೆಂಡತಿಯನ್ನು ಬಿಟ್ಟು ಕಿಟಕಿಯನ್ನು ನೋಡುತ್ತ ಕೇಳಿದರು: "ಆ ನಿನ್ನ ಪ್ರಾಜೆಕ್ಟ್ ಶುರು ಮಾಡೋದು ಹೇಗೆ?"

"ಮಕ್ಕಳಿಗೆ ಪ್ರಶ್ನೆ ಕೇಳೋಕೆ ಬಿಡಿ. ಆಮೇಲೆ ಬಾಯಿ ಮುಚ್ಕೊಂಡಿರಿ."

"ಎರಡನೇದು ಕಷ್ಟ."

"ಗೊತ್ತು. ಮದುವೆಯಾದಾಗಿಂದ ನೋಡ್ತಿದೀನಿ."

ಇತಿಹಾಸದ ಕ್ಲಾಸಿನಲ್ಲಿ ಮಕ್ಕಳು ಎತ್ತಿದ ಪ್ರಶ್ನೆ ಶಾಲೆಯ ಮುಂದಿನ ರಸ್ತೆಯದ್ದು. ನೆಟ್ಟಗೆ ಬಂದ ರಸ್ತೆ ನಮ್ಮ ಗೇಟಿನ ಹತ್ತಿರ ಮಾತ್ರ ಯಾಕೆ ಸೊಟ್ಟಗಾಗಿದೆ? ಕ್ಷೌರದಂಗಡಿ, ದರ್ಜಿ ಅಂಗಡಿ, ಅಂಚೆ ಕಚೇರಿ ಎಲ್ಲ ಸುತ್ತಿ, ಹಿರಿಯರ ತಲೆ ತಿಂದು ಮಕ್ಕಳು ಕಾರಣ ಹೊತ್ತು ತಂದರು. ರಸ್ತೆ ಹಾಕುವಾಗ ಹೆಡ್‌ಮಾಸ್ಟರ ಅಜ್ಜನ ಕಕ್ಕಸು ಅಡ್ಡ ಬಂದಿತ್ತು. ಅದನ್ನು ಒಡೆಯಲು ಬಿಡೆನೆಂದು ಅಜ್ಜ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಕಾದು ಕಾದು ಸುಸ್ತಾದ ಎಂಜಿನಿಯರು ರಸ್ತೆಯನ್ನೇ ತಿರುಗಿಸಿದ್ದ.

ಪೋಷಕರ ಸಭೆಯಲ್ಲಿ ಮಕ್ಕಳು ಇದನ್ನು ನಾಟಕವಾಡಿದರು. ರಟ್ಟಿನ ಕಕ್ಕಸಿನೊಳಗಿಂದ ಅಜ್ಜನ ಪಾತ್ರಧಾರಿ ಕೆಮ್ಮುವಾಗ ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರ ಕಿವಿ ಕೆಂಪಾಗಿತ್ತು. ಇತಿಹಾಸದ ಮೇಷ್ಟ್ರಿಗೆ ತಮ್ಮ ನೌಕರಿ ಕಣ್ಣೆದುರೇ ಹಾರಿಹೋದಂತೆ ಕಂಡಿತು. ಮುಂದಿನ ಪ್ರಾಜೆಕ್ಟ್ ಚಿಟ್ಟೆಗಳ ಬಗ್ಗೆ ಇರಲಿ ಎಂದು ಹೆಡ್‌ಮಾಸ್ಟರು ಹಲ್ಲುಕಚ್ಚಿ ಹೇಳುತ್ತಿರುವಾಗ ಪಕ್ಕದಲ್ಲಿದ್ದ ಅವರ ತಾಯಿ ಕೋಲೂರಿ ಎದ್ದರು.

"ತಪ್ಪು ತೋರ್ಸಿದೀರಿ ಮಕ್ಕಳೇ," ಎಂದರು ಆ ಅಜ್ಜಿ. "ನಮ್ಮ ಮಾವನವರು ಒಬ್ಬರೇ ಇರಲಿಲ್ಲ. ಅತ್ತೆನೂ ಒಳಗಿದ್ರು, ಬೈತಾ."

ಮೇಷ್ಟ್ರು ತಡಮಾಡದೆ ಅಜ್ಜಿಯನ್ನು ಮುಂದಿನ ತರಗತಿಗೆ ಕರೆದರು. ಅಜ್ಜಿ ಬಂದರು. ಗಂಟೆ ಹೊಡೆದರೂ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ. ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಇಕ್ಕಟ್ಟಾಗಿ ಕೂತಿದ್ದ ಮೇಷ್ಟ್ರು, ಅಜ್ಜಿಯ ಅತ್ತೆ ಒಳಗಿಂದ ಬೈದದ್ದು ಏನೆಂದು ಕೇಳಲು ಕೈ ಎತ್ತಿದ್ದರು.